ನಡತೆ ಕಾಲಮ್ಮಿನ ಇಂಗ್ಲಿಷ್ ಪದ

ಜಗಳೂರು
8 ಜುಲೈ 2024

ಪೂಜ್ಯ ವಿರೂಪಾಕ್ಷಪ್ಪ ಸರ್ ಅವರಿಗೆ ನಿಮ್ಮ ಹಳೆಯ ವಿದ್ಯಾರ್ಥಿನಿ ಮಸರತ್ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಹೈಸ್ಕೂಲಿನಲ್ಲಿ 1998ರಲ್ಲಿ ನೀವು ನಮಗೆ ಇಂಗ್ಲಿಷ್ ಕಲಿಸುತ್ತಿದ್ದಿರಿ. ಹೋದ ತಿಂಗಳು ಚನ್ನಗಿರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ನಮ್ಮ ಕ್ಲಾಸಿನ ಶೈಲಾ ಸಿಕ್ಕಳು. ನೀವು ರಿಟೈರ್ ಆಗಿ ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿ ಇದ್ದೀರಿ ಅಂತ ಅವಳಿಂದ ತಿಳಿಯಿತು. "ಸಾರ್‌ಗೆ ಕಿವಿ ಪೂರ್ತಿ ಹೋಗೈತೆ ಕಣೇ. ಫೋನ್ ಮಾಡಿದ್ರೆ ಪ್ರಯೋಜನ ಇಲ್ಲ. ಕಾಗದ ಬರೆದ್ರೆ ಮಾತ್ರ ತಪ್ಪದೆ ಉತ್ರ ಬರೀತಾರೆ" ಅಂದಳು. ಅದಕ್ಕೇ ಈ ಕಾಗದ. ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ತಪ್ಪಿದ್ದರೆ ಮನ್ನಿಸಿ.

ನಾನು ಇಲ್ಲಿ ಹೊಲಿಗೆ ಮಾಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಿಶಿನ್ ಇವೆ. ಎಂಟು ಹತ್ತು ಹುಡುಗಿಯರು ಕಲಿಯಲು ಬರುತ್ತಾರೆ. ಗಂಡ ತೌಸಿಫ್ ಅವರದು ಬಸ್ ಸ್ಟ್ಯಾಂಡ್ ಹತ್ತಿರ ಟೈರ್ ಅಂಗಡಿ. ಒಬ್ಬಳು ಮಗಳು, ಎಂಟನೆಯ ಕ್ಲಾಸು. ನಮ್ಮ ಅಬ್ಬಾನೂ ನಮ್ಮ ಜೊತೆಗೇ ಇದ್ದಾರೆ.

ಒಂದು ಪದದ ಅರ್ಥ ಬೇಕಿತ್ತು ಸರ್. ಇನ್‌ಕಾರಿಜಿಬಲ್. ಮೊಬೈಲಿನಲ್ಲಿ ನೋಡಬಹುದು, ನೋಡಿಯೂ ಆಯಿತು. ಆದರೆ ನೀವು ಪದಕ್ಕೆ ತಲೆ, ಹೊಟ್ಟೆ, ಬಾಲ ಅಂತ ಮೂರು ಭಾಗ ಮಾಡಿ ಹೇಳುತ್ತಿದ್ದಿರಲ್ಲ, ಹಾಗೆ ತಿಳಿಯಬೇಕು ಅನ್ನಿಸಿತು. ಪುರಸೊತ್ತಾದಾಗ ಬರೆಯಿರಿ.

ನಿಮ್ಮ ವಿದ್ಯಾರ್ಥಿನಿ,
ಮಸರತ್


ಗೋವಿನಕೋವಿ
16 ಜುಲೈ 2024

ಚಿ. ಸೌ. ಮಸರತ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನ ನಮ್ಮ ಮನೆಯಲ್ಲಿ ಸಣ್ಣ ಹಬ್ಬವೇ ಆಯಿತೆನ್ನು. ನನ್ನ ಹೆಂಡತಿ ಹೇಮಾವತಿ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ನೋಟ್‌ಬುಕ್ಕಿನಲ್ಲಿ "ಕರೆಂಟ್ ಬಿಲ್ ಅಲ್ಲ, ಯಾರೋ ಮನುಷ್ಯರೇ ಬರ್ದಿರೋದು" ಎಂದು ಬರೆದು ತೋರಿಸಿದಳು. ನಾನು ಮಾತಾಡುತ್ತೇನೆ, ಅವಳು ಬರೆಯುತ್ತಾಳೆ. ನಮ್ಮ ಸಂಸಾರ ಈಗ ಹೀಗೆ ನಡೆಯುತ್ತಿದೆ.

ನಿನ್ನ ನೆನಪಿಲ್ಲದೆ ಏನು? ಮೊದಲ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದೆ. ಡಿಕ್ಟೇಷನ್‌ನಲ್ಲಿ ಯಾವಾಗಲೂ ಹತ್ತಕ್ಕೆ ಹತ್ತು. ಕೈಬರಹ ಮುತ್ತಿನಂತೆ. ಮುಂದೆ ನರ್ಸ್ ಆಗುತ್ತೇನೆ ಎನ್ನುತ್ತಿದ್ದೆ. ಹೊಲಿಗೆಗೆ ಬಂದೆಯಾ? ಇರಲಿ, ಸೂಜಿ ಎರಡರಲ್ಲೂ ಉಂಟಲ್ಲ.

ಈಗ ಪದಕ್ಕೆ ಬರೋಣ. ಒಳ್ಳೆಯ ಪದವನ್ನೇ ಹಿಡಿದಿದ್ದೀಯ. ತಲೆ 'ಇನ್', ಅಂದರೆ ಅಲ್ಲ, ಆಗದು. ಬಾಲ 'ಇಬಲ್', ಅಂದರೆ ಮಾಡಬಹುದಾದದ್ದು. ತಲೆಯೂ ಬಾಲವೂ ಸೇರಿದರೆ 'ಮಾಡಲಾಗದ್ದು' ಎಂದಾಯಿತು. ಏನು ಮಾಡಲಾಗದ್ದು? ಅದು ಹೊಟ್ಟೆಯಲ್ಲಿದೆ. ಲ್ಯಾಟಿನ್ನಿನಲ್ಲಿ 'ರೆಗೆರೆ' ಎಂದರೆ ನೆಟ್ಟಗೆ ಇಡು, ನೇರಕ್ಕೆ ನಡೆಸು. ಅದರ ಮೊದಲಿಗೆ ಒತ್ತು ಕೊಡುವ ಒಂದು ತುಂಡು ಸೇರಿ 'ಕಾರಿಗೆರೆ' ಆಯಿತು. ಡೊಂಕಾದದ್ದನ್ನು ಪೂರ್ತಿ ನೆಟ್ಟಗೆ ಮಾಡು ಎಂದು ಅರ್ಥ. ನಾವು ದಿನಾ ಹೇಳುವ 'ಕರೆಕ್ಟ್' ಇದರ ಸ್ವಂತ ತಮ್ಮ. 'ರೂಲ್', 'ರೆಗ್ಯುಲರ್' ದಾಯಾದಿಗಳು. ನಮ್ಮ 'ಋಜು' ಕೂಡ ದೂರದ ನೆಂಟನೆಂದು ಬಲ್ಲವರು ಹೇಳುತ್ತಾರೆ.

ಹಾಗಾಗಿ ಇನ್‌ಕಾರಿಜಿಬಲ್ ಎಂದರೆ ತಿದ್ದಲಾಗದ, ಎಷ್ಟು ಮಾಡಿದರೂ ನೆಟ್ಟಗಾಗದ. ಸಾಮಾನ್ಯವಾಗಿ ಮನುಷ್ಯರ ಬಗ್ಗೆ ಹೇಳುತ್ತಾರೆ. ದೊಡ್ಡವರ ಬಗ್ಗೆ ತಮಾಷೆಗೆ ಹೇಳಿದರೆ ನಡೆದೀತು. ಹೇಮಾವತಿ ನನ್ನ ಬಗ್ಗೆ ಹೇಳಬಹುದು. ಮಕ್ಕಳ ಬಗ್ಗೆ ಮಾತ್ರ ಆಡಬಾರದ ಪದ.

ಇಷ್ಟು ದೊಡ್ಡ ಪದ ನಿನಗೆ ಎಲ್ಲಿ ಸಿಕ್ಕಿತು? ಬರೆ.

ಆಶೀರ್ವಾದಗಳೊಂದಿಗೆ,
ವಿರೂಪಾಕ್ಷಪ್ಪ


ಜಗಳೂರು
2 ಆಗಸ್ಟ್ 2024

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಕಾಗದ ತಲುಪಿತು. ಎರಡು ಸಲ ಓದಿದೆ. ಕ್ಲಾಸಿನಲ್ಲಿ ಕೂತ ಹಾಗೇ ಆಯಿತು.

ಆ ಪದ ಒಂದು ಶಾಲೆಯ ಕಾಗದದಲ್ಲಿ ಇತ್ತು ಸರ್. ಒಬ್ಬ ಹುಡುಗಿಯ ಬಗ್ಗೆ ಬರೆದಿದ್ದಾರೆ. ಹದಿನಾಲ್ಕು ವರ್ಷದ ಹುಡುಗಿ.

ಇನ್ನೊಂದು ಕೇಳಬೇಕು. 'ಇನ್' ಅಂತ ತಲೆ ಇದ್ದರೆ ಯಾವಾಗಲೂ 'ಅಲ್ಲ' ಅಂತಲೇ ಅರ್ಥವಾ ಸರ್? ಎಲ್ಲಾ ಪದಕ್ಕೂ?

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಇಲ್ಲಿ ಇನ್ನೂ ಸರಿಯಾದ ಮಳೆ ಇಲ್ಲ, ಬಿಸಿಲೇ ಬಿಸಿಲು.

ಮಸರತ್


ಗೋವಿನಕೋವಿ
11 ಆಗಸ್ಟ್ 2024

ಚಿ. ಸೌ. ಮಸರತ್‌ಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನನ್ನ ರಕ್ತ ಕುದಿಯಿತು. ನೀನು 'ಒಬ್ಬ ಹುಡುಗಿ' ಎಂದು ಮರೆಮಾಚಿ ಬರೆದರೂ ನನಗೆ ಅರ್ಥವಾಗದಿರುತ್ತದೆಯೇ? ಮಗಳು ಎಂಟನೆಯ ಕ್ಲಾಸು ಎಂದು ನೀನೇ ಬರೆದಿದ್ದೀಯ. ಹೆತ್ತ ತಾಯಿಗೆ ಹೇಳಿಕೊಳ್ಳಲು ಸಂಕೋಚವಾಗುವುದು ಸಹಜ.

ಯಾವನವನು ಬರೆದದ್ದು? ಮೂವತ್ತಾರು ವರ್ಷ ಪಾಠ ಮಾಡಿದವನು ನಾನು. ಹದಿನಾಲ್ಕು ವರ್ಷದ ಮಗುವನ್ನು ತಿದ್ದಲಾಗದು ಎಂದು ಬರೆದುಕೊಡುವವನು ಮೇಷ್ಟ್ರಾಗಿ ಇರಲು ಯೋಗ್ಯನಲ್ಲ. ತಿದ್ದಲಾಗದಿದ್ದರೆ ಇವನಿಗೆ ಸಂಬಳ ಯಾತಕ್ಕೆ? ಇದರೊಂದಿಗೆ ಆ ಶಾಲೆಯ ಹೆಡ್‌ಮಾಸ್ಟರಿಗೆ ಒಂದು ಕಾಗದ ಇಟ್ಟಿದ್ದೇನೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ನೀನೇ ತುಂಬಿಕೋ. ಖಾರವಾಗಿಯೇ ಇದೆ, ಒಂದಕ್ಷರವನ್ನೂ ಮೆದು ಮಾಡಬೇಡ.

'ಇನ್' ಬಗ್ಗೆ ಕೇಳಿದ್ದೀಯ. ಬಹುಮಟ್ಟಿಗೆ 'ಅಲ್ಲ' ಎಂದೇ. ಒಂದೆರಡು ಕಡೆ ಬೇರೆ ಥರ ಇದೆ. ಅದು ಸ್ವಲ್ಪ ಗೋಜಲು, ನಿನಗೆ ಈಗ ಬೇಡ.

ವಿರೂಪಾಕ್ಷಪ್ಪ


ಜಗಳೂರು
20 ಆಗಸ್ಟ್ 2024

ಸರ್,

ಮಗಳ ಬಗ್ಗೆ ಅಲ್ಲ. ಅವಳು ಚೆನ್ನಾಗಿ ಓದುತ್ತಿದ್ದಾಳೆ.

ಸರ್ಕಾರಿ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವವರು ಬೇಕಾಗಿದ್ದಾರೆ. ಹತ್ತನೆಯ ಕ್ಲಾಸು ಪಾಸಾಗಿರಬೇಕಂತೆ. ಹೊರಗಿನಿಂದ ಪರೀಕ್ಷೆ ಕಟ್ಟೋಣ ಅಂತ ಹಳೆಯ ಟಿ.ಸಿ. ಹುಡುಕಿ ತೆಗೆದೆ. ಅದರ ಜೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ನಡತೆ ಅನ್ನುವ ಕಾಲಮ್ಮು ನೋಡಿ. ಕೆಳಗಿನ ಸಹಿಯನ್ನೂ ನೋಡಿ.

ಕಿಟಕಿಯ ಪಕ್ಕ ಕೂತು ಹತ್ತಕ್ಕೆ ಹತ್ತು ತೆಗೆಯುತ್ತಿದ್ದವಳು ಹಜೀರಾ. ನರ್ಸ್ ಆದವಳೂ ಅವಳೇ, ದಾವಣಗೆರೆಯಲ್ಲಿದ್ದಾಳೆ. ನಾನು ಮೂರನೆಯ ಬೆಂಚು. ಟ್ಯಾಂಕರ್ ಅಲ್ಲಾವುದ್ದೀನ್ ಅವರ ಮಗಳು.

ಮಸರತ್


ಜಗಳೂರು
30 ಸೆಪ್ಟೆಂಬರ್ 2024

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ನಲವತ್ತು ದಿನವಾಯಿತು, ನಿಮ್ಮಿಂದ ಉತ್ತರ ಇಲ್ಲ. ಆರೋಗ್ಯ ಸರಿ ಇದೆಯಾ? ವಯಸ್ಸಾದವರಿಗೆ ಹಾಗೆ ಬರೆಯಬಾರದಿತ್ತು ಅನ್ನಿಸಿ ಮನಸ್ಸು ಚುರುಗುಟ್ಟುತ್ತಿದೆ. ಪೋಸ್ಟ್ ಡಬ್ಬಿಯೊಳಗೆ ಹಾಕಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲವಲ್ಲ.

ಪರೀಕ್ಷೆಗೆ ಅರ್ಜಿ ಕೊಟ್ಟು ಬಂದೆ. ಗುಮಾಸ್ತರು ಹುಟ್ಟಿದ ತಾರೀಖು ನೋಡಿದರು, ಸೀಲ್ ನೋಡಿದರು, ಅಷ್ಟೇ. ನಡತೆ ಕಾಲಮ್ಮಿನ ಮೇಲೆ ಅವರ ಕಣ್ಣೇ ಹೋಗಲಿಲ್ಲ. ಅವರು ಏನು ಕೇಳಿದರೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೊರಗೆ ಬಂದು ಆಫೀಸಿನ ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟೆ. ಯಾರೂ ಓದದ ಪದಕ್ಕೆ ಇಷ್ಟು ವರ್ಷ ಹೆದರಿಕೊಂಡಿದ್ದೆನಲ್ಲ ಸರ್.

ನಿಮಗೆ ಬೇಸರವಾಗಿದ್ದರೆ ಇದಕ್ಕೂ ಉತ್ತರ ಬರೆಯಬೇಡಿ. ಹುಷಾರಾಗಿದ್ದೀರಿ ಅಂತ ಅಮ್ಮನವರು ಒಂದು ಸಾಲು ಬರೆದು ಹಾಕಿದರೂ ಸಾಕು.

ಮಸರತ್


ಗೋವಿನಕೋವಿ
14 ಅಕ್ಟೋಬರ್ 2024

ಮಸರತ್,

ಆರೋಗ್ಯಕ್ಕೇನೂ ಆಗಿಲ್ಲ. ಬರೆಯಲು ಧೈರ್ಯವಾಗಲಿಲ್ಲ, ಅಷ್ಟೇ. ನಾಲ್ಕು ಸಲ ಬರೆದು ಹರಿದೆ. ಹೇಮಾವತಿ ಹರಿದ ಚೂರುಗಳನ್ನು ಜೋಡಿಸಿ ಓದಿದಳಂತೆ. ಆಮೇಲೆ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು: "ನಿಮ್ಮ ನೋವು ಬರೀಬೇಡ್ರಿ. ನಡೆದದ್ದು ಬರೀರಿ." ಅದನ್ನೇ ಬರೆಯುತ್ತೇನೆ.

ಜೆರಾಕ್ಸ್ ನೋಡಿದ ಕೂಡಲೇ ನನ್ನ ಅಕ್ಷರ ಗುರುತು ಸಿಕ್ಕಿತು. ನೀನೂ ನೆನಪಾದೆ. ಹಾಗೆ ನೋಡಿದರೆ ನಿನ್ನನ್ನು ನಾನು ಮರೆತೇ ಇರಲಿಲ್ಲ. ಹೆಸರನ್ನು ಮಾತ್ರ ಮರೆತಿದ್ದೆ. ಯಾವುದನ್ನು ಮರೆಯುವುದು ನನಗೆ ಅನುಕೂಲವೋ ಅದನ್ನು ಮರೆತಿದ್ದೆ ಎನ್ನಬೇಕು.

1998ರ ನವೆಂಬರ್. ವಿಷಯ ಪರಿವೀಕ್ಷಕರು ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮುಂದೆ ನನ್ನ ವಿದ್ಯೆ ತೋರಿಸಬೇಕೆಂದು ತಲೆ, ಹೊಟ್ಟೆ, ಬಾಲದ ಪಾಠ ಎತ್ತಿಕೊಂಡೆ. 'ಇನ್' ಎಂದರೆ ಅಲ್ಲ. ವಿಸಿಬಲ್ ಎಂದರೆ ಕಾಣುವುದು, ಇನ್‌ವಿಸಿಬಲ್ ಎಂದರೆ ಕಾಣದ್ದು. ಹೀಗೆ ಹೇಳುತ್ತಾ ಹೇಳುತ್ತಾ ಹುಮ್ಮಸ್ಸಿನಲ್ಲಿ ಬೋರ್ಡಿನ ಮೇಲೆ 'ಇನ್‌ಫ್ಲೇಮಬಲ್' ಎಂದು ಬರೆದೆ. ಫ್ಲೇಮ್ ಎಂದರೆ ಉರಿ, ಆದ್ದರಿಂದ ಇದು ಉರಿಯದೇ ಇರುವ ವಸ್ತು ಎಂದುಬಿಟ್ಟೆ.

ನೀನು ಎದ್ದು ನಿಂತೆ. "ಸಾರ್, ನಮ್ ಅಬ್ಬಾ ಓಡಿಸೋ ಸೀಮೆಎಣ್ಣೆ ಟ್ಯಾಂಕರ್ ಮ್ಯಾಲೆ ಅದನ್ನೇ ಬರೆದೈತೆ. ಸೀಮೆಎಣ್ಣೆ ಉರಿಯಾಕಿಲ್ವಾ ಸಾರ್?"

ಮಕ್ಕಳೆಲ್ಲ ನಕ್ಕರು. ಪರಿವೀಕ್ಷಕರೂ ನಕ್ಕರು. ನಾನು ನಗಬಹುದಿತ್ತು. ಅದರ ಬದಲು "ಟ್ಯಾಂಕರ್ ಮೇಲೆ ಬರೆಯುವವನು ನಿನ್ನಪ್ಪನಷ್ಟೇ ಓದಿರ್ತಾನೆ, ಕೂತ್ಕೋ" ಎಂದೆ. ಆಗ ನೀನು ಕೂರಲಿಲ್ಲ. ಆ ಮಾತು ನಿನಗೆ ಖಂಡಿತ ನೆನಪಿರುತ್ತದೆ. ನೀನು ಯಾವ ಕಾಗದದಲ್ಲೂ ಅದನ್ನು ಎತ್ತಲಿಲ್ಲ.

ಸಂಜೆ ಮನೆಗೆ ಹೋಗಿ ಡಿಕ್ಷನರಿ ತೆಗೆದೆ. ಲ್ಯಾಟಿನ್ನಿನಲ್ಲಿ ಎರಡು 'ಇನ್' ಇವೆ. ಒಂದು 'ಅಲ್ಲ' ಎನ್ನುವುದು. ಇನ್ನೊಂದು 'ಒಳಕ್ಕೆ' ಎನ್ನುವುದು. ಇನ್‌ಫ್ಲೇಮಬಲ್‌ನಲ್ಲಿ ಇರುವುದು ಎರಡನೆಯದು. ಬೆಂಕಿಯೊಳಕ್ಕೆ ಹೋಗುವಂಥದ್ದು, ಥಟ್ಟನೆ ಹೊತ್ತಿಕೊಳ್ಳುವಂಥದ್ದು. ನೀನು ಹೇಳಿದ್ದೇ ಸರಿ.

ಅದು ಗೊತ್ತಾದ ಮೇಲೂ ಮರುದಿನ ಬೆಳಿಗ್ಗೆ ನಿನ್ನನ್ನು ನಿಲ್ಲಿಸಿ ಕ್ಷಮೆ ಕೇಳು ಎಂದೆ. ಸರಿಯಾದದ್ದು ಹೇಳಿ ಕ್ಷಮೆ ಯಾಕೆ ಕೇಳಬೇಕು ಎಂದು ನೀನು ನೆಲ ನೋಡುತ್ತಾ ನಿಂತೆ. ಎಂಟು ದಿನ ನನ್ನ ಪಿರಿಯಡ್ಡಿನಲ್ಲಿ ನಿನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಒಂಬತ್ತನೆಯ ದಿನ ನಿಮ್ಮ ತಂದೆ ಬಂದು, ಊರು ಬಿಡುತ್ತಿದ್ದೇವೆ, ಟಿ.ಸಿ. ಕೊಡಿ ಎಂದರು. ಹೆಡ್‌ಮಾಸ್ಟರ್ ರಜೆಯಲ್ಲಿದ್ದರು, ಪ್ರಭಾರ ನನ್ನದು. ಉಳಿದವರಿಗೆಲ್ಲ 'ಗುಡ್' ಎಂದು ಬರೆಯುವ ಜಾಗದಲ್ಲಿ ನಿನಗೆ ಈ ಪದ ಬರೆದೆ. ಪೆನ್ನು ಎತ್ತಿದಾಗ ನಾನು ಮರುಯೋಚನೆ ಮಾಡಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಬ್ಬ ಮೇಷ್ಟ್ರನ್ನು ಬೈದು ನಾನು ಬರೆದುಕೊಟ್ಟ ಕಾಗದವನ್ನು ಇಟ್ಟುಕೊಂಡಿದ್ದೀಯಾ? ಖಾಲಿ ಜಾಗದಲ್ಲಿ ನನ್ನ ಹೆಸರು ತುಂಬಿಕೋ.

ನಿನಗೆ ಆಮೇಲೆ ಏನಾಯಿತು? ಓದು ಯಾಕೆ ನಿಂತಿತು? ಹೇಳಲೇಬೇಕೆಂದಿಲ್ಲ. ಆದರೆ ತಿಳಿದುಕೊಳ್ಳಬೇಕಾದವನು ನಾನು.

ವಿರೂಪಾಕ್ಷಪ್ಪ


ಜಗಳೂರು
1 ನವೆಂಬರ್ 2024

ಪೂಜ್ಯ ಸರ್ ಅವರಿಗೆ,

ನಿಮ್ಮ ಕಾಗದ ಬಂದ ದಿನ ಹುಡುಗಿಯರಿಗೆ ರಜೆ ಕೊಟ್ಟು ಒಳಗೆ ಕೂತೆ. ಅಳು ಬಂತು. ನೀವು ತಪ್ಪು ಒಪ್ಪಿಕೊಂಡಿರಿ ಅಂತ ಅಲ್ಲ. ಅವತ್ತು ಸಂಜೆಯೇ ನಿಮಗೆ ಗೊತ್ತಾಗಿತ್ತು ಅಂತ. ಸರ್‌ಗೆ ತಿಳಿದಿಲ್ಲ, ಪಾಪ, ಅಂದುಕೊಂಡೇ ನಾನು ಇಷ್ಟು ವರ್ಷ ಕಳೆದೆ. ಹಾಗೆ ಅಂದುಕೊಂಡರೆ ಸಿಟ್ಟು ಕಡಿಮೆಯಾಗುತ್ತಿತ್ತು.

ನೀವು ಕೇಳಿದಿರಿ, ಹೇಳುತ್ತೇನೆ. ಟ್ಯಾಂಕರ್ ಮಾಲೀಕರು ಜಗಳೂರಿಗೆ ಬಂದರು, ನಾವೂ ಬಂದೆವು. ಅಬ್ಬಾಗೆ ಇಂಗ್ಲಿಷ್ ಬರುವುದಿಲ್ಲ. ಟಿ.ಸಿ. ಹಿಡಿದುಕೊಂಡು ಬಸ್ಸಿನಲ್ಲಿ ಕೂತು, "ಬೇರೆ ಮಕ್ಕಳಿಗೆಲ್ಲ ನಾಕೇ ಅಕ್ಷರ. ನಿನಗೆ ನೋಡು ಬೇಟಿ, ಈಟುದ್ದ ಬರೆದಾರೆ. ಮೇಷ್ಟ್ರಿಗೆ ನಿನ್ ಮ್ಯಾಲೆ ಭಾಳ ಪ್ರೀತಿ ಇತ್ತು ಅಂತ ಕಾಣ್ತೈತೆ" ಅಂದರು. ನನಗೆ ಅರ್ಥ ಗೊತ್ತಿರಲಿಲ್ಲ. ಆದರೆ ಹೊಗಳಿಕೆ ಅಲ್ಲ ಅಂತ ಗೊತ್ತಿತ್ತು.

ಇಲ್ಲಿ ಒಂದು ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಅಲ್ಲಿಯ ಹೆಡ್‌ಮಾಸ್ಟರ್ ಟಿ.ಸಿ. ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ವರ್ಷ ಜಾಗ ಇಲ್ಲ ಕಣ್ರೀ" ಅಂದರು. ನಮ್ಮ ಹಿಂದೆ ಬಂದವರಿಗೆ ಜಾಗ ಸಿಕ್ಕಿತು. ಅಬ್ಬಾ ಅದನ್ನು ನೋಡಲಿಲ್ಲ, ನಾನು ನೋಡಿದೆ. ಮುಂದಿನ ವರ್ಷ ಮತ್ತೆ ಹೋಗೋಣ ಅಂತ ಅಬ್ಬಾ ಅಂದಾಗ, ನಾನೇ ಓದು ಬೇಡ, ಹೊಲಿಗೆ ಕಲಿಯುತ್ತೇನೆ ಅಂದೆ. ಮತ್ತೊಬ್ಬರು ಆ ಪದ ಓದಿ ನನ್ನ ಮುಖ ನೋಡುವುದು ಬೇಡವಾಗಿತ್ತು. ನನ್ನಿಂದಲೇ ನಿಂತಿತು ಅಂತ ಅಬ್ಬಾ ಇವತ್ತಿಗೂ ನಂಬಿದ್ದಾರೆ. "ಓದಿಸ್ತೀನಿ ಅಂದೆ, ಇವಳೇ ಒಲ್ಲೆ ಅಂದ್ಲು" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಟಿ.ಸಿ.ಗೆ ಲ್ಯಾಮಿನೇಷನ್ ಮಾಡಿಸಿದವರೂ ಅವರೇ.

ನಿಮ್ಮ ಖಾರದ ಕಾಗದ ನನ್ನ ಹತ್ತಿರ ಇದೆ. ಅದರಲ್ಲಿ ಯಾರ ಹೆಸರನ್ನೂ ತುಂಬುವುದಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ. ಗಣಿತ ತೌಸಿಫ್ ಹೇಳಿಕೊಡುತ್ತಾರೆ. ಇಂಗ್ಲಿಷ್‌ಗೆ ಯಾರೂ ಇಲ್ಲ. ಇದನ್ನು ಸಹಾಯ ಅಂತ ಕೇಳುತ್ತಿಲ್ಲ ಸರ್, ಬಾಕಿ ಉಳಿದ ಪಾಠ ಅಂತ ಕೇಳುತ್ತಿದ್ದೇನೆ.

ಮಸರತ್


ಗೋವಿನಕೋವಿ
25 ನವೆಂಬರ್ 2024

ಚಿ. ಸೌ. ಮಸರತ್‌ಗೆ,

ಮೊದಲ ಮೂರು ಪಾಠಗಳನ್ನು ಬೇರೆ ಹಾಳೆಗಳಲ್ಲಿ ಬರೆದು ಇಟ್ಟಿದ್ದೇನೆ. ಹತ್ತು ದಿನಕ್ಕೊಮ್ಮೆ ಕಳಿಸುತ್ತೇನೆ. ಉತ್ತರ ಬರೆದು ಕಳಿಸು, ನೋಡಿ ವಾಪಸ್ ಕಳಿಸುತ್ತೇನೆ. ನಾನು ಬರೆದದ್ದರಲ್ಲಿ ಎಲ್ಲಾದರೂ ಅನುಮಾನ ಬಂದರೆ ತಪ್ಪದೆ ಕೇಳು. ದಯವಿಟ್ಟು ಕೇಳು.

ಹೊನ್ನಾಳಿ ಬಸ್ ಹತ್ತಿ ನಮ್ಮ ಹಳೆಯ ಶಾಲೆಗೆ ಹೋಗಿದ್ದೆ. ಹೇಮಾವತಿ ಕಿವಿಯಾಗಿ ಜೊತೆಗೆ ಬಂದಿದ್ದಳು. ಈಗಿನ ಮುಖ್ಯ ಶಿಕ್ಷಕಿ ಗಂಗೋತ್ರಿ ಎಂಬ ಹೆಣ್ಣುಮಗಳು, ಬಹಳ ಸೌಜನ್ಯದವರು. ಹಳೆಯ ದಾಖಲಾತಿ ಪುಸ್ತಕವನ್ನು ಧೂಳು ಹೊಡೆದು ತೆಗೆಸಿದರು. ಅದರಲ್ಲೂ ಷರಾ ಎಂಬ ಜಾಗದಲ್ಲಿ ಅದೇ ಪದ, ಅದೇ ಸಹಿ. ಹೊಡೆದು ಹಾಕಿ ಎಂದೆ. ನಿಯಮ ಇಲ್ಲ, ಒಮ್ಮೆ ಬರೆದದ್ದನ್ನು ಅಳಿಸುವ ಹಾಗಿಲ್ಲ ಎಂದರು. ಆದರೆ ಪಕ್ಕದಲ್ಲಿ ಏನಾದರೂ ಸೇರಿಸಿದರೆ ತಾವು ನೋಡಲಿಲ್ಲ ಎಂದುಕೊಳ್ಳುತ್ತಾರಂತೆ. ಕಿಟಕಿಯ ಕಡೆ ತಿರುಗಿ ನಿಂತರು. ನಾನು ಕೆಂಪು ಶಾಯಿಯಲ್ಲಿ ಬರೆದೆ: "ಮೇಲಿನ ಷರಾ ಸುಳ್ಳು. ವಿದ್ಯಾರ್ಥಿನಿ ಸರಿಯಾದ ಉತ್ತರ ಹೇಳಿದ್ದಳು. ತಪ್ಪು ಉಪಾಧ್ಯಾಯರದು." ಈಗಿನ ತಾರೀಖು ಹಾಕಿ ಸಹಿ ಮಾಡಿದೆ.

ಇದರಿಂದ ನಿನಗೆ ಕಳೆದದ್ದು ಯಾವುದೂ ಬರುವುದಿಲ್ಲವೆಂದು ನನಗೆ ಗೊತ್ತು. ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ತಂದೆಯನ್ನು ಕ್ಲಾಸಿನ ಮಕ್ಕಳೆದುರು ಹೀಗಳೆದವನು ನಾನು. ಅವರಿಗೆ ನಾನೇ ಹೇಳಬೇಕು. ಡಿಸೆಂಬರ್ 15ರ ಭಾನುವಾರ ಜಗಳೂರಿಗೆ ಬರುತ್ತೇನೆ. ಬೇಡ ಎನ್ನುವುದಾದರೆ ಅದಕ್ಕೆ ಮೊದಲು ಬರೆ.

ವಿರೂಪಾಕ್ಷಪ್ಪ


ಗೋವಿನಕೋವಿ
20 ಡಿಸೆಂಬರ್ 2024

ಚಿ. ಸೌ. ಮಸರತ್‌ಗೆ ಆಶೀರ್ವಾದಗಳು.

ಕ್ಷೇಮವಾಗಿ ಊರು ತಲುಪಿದೆ. ಮನಸ್ಸು ಹಗುರವಾಗಿದೆ. ಐದು ದಿನಗಳಿಂದ ಹೇಮಾವತಿಗೆ ಅದನ್ನೇ ಹೇಳುತ್ತಿದ್ದೇನೆ, ಅವಳಿಗೆ ಸಾಕಾಗಿರಬೇಕು.

ನಿಮ್ಮ ತಂದೆ ಎಂಥ ಮನುಷ್ಯರು! ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಎಷ್ಟೊಂದು ಹೊತ್ತು ಮಾತಾಡಿದರು. ನನಗೆ ಒಂದು ಪದವೂ ಕೇಳಿಸಲಿಲ್ಲ, ಕೈ ಆಡುವುದಷ್ಟೇ ಕಂಡಿತು. ನೀನು ನೋಟ್‌ಬುಕ್ಕಿನಲ್ಲಿ "ಆಗಿದ್ದು ಆಗಿಹೋಯ್ತು, ಮನಸ್ಸಿಗೆ ಹಚ್ಕೋಬೇಡಿ ಅಂತಾರೆ" ಎಂದು ಬರೆದು ತೋರಿಸಿದಾಗ ನನ್ನ ಕಣ್ಣು ತುಂಬಿತು. ಅಷ್ಟು ದೊಡ್ಡ ಮನಸ್ಸು ನನಗಿದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡು ಬಂದು ಅವರೇ ನನ್ನನ್ನು ಬಸ್ ಹತ್ತಿಸಿದರು.

ನಾಲ್ಕನೆಯ ಪಾಠ ಇಟ್ಟಿದ್ದೇನೆ. ಹಿಂದಿನ ಉತ್ತರಗಳಲ್ಲಿ ಸ್ಪೆಲಿಂಗ್ ಬಹಳ ಸುಧಾರಿಸಿದೆ.

ವಿರೂಪಾಕ್ಷಪ್ಪ


ಜಗಳೂರು
5 ಜನವರಿ 2025

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿದಾಗಿನಿಂದ ಮಿಶಿನ್ ಮುಂದೆ ಕೂತರೂ ಕೆಲಸ ಸಾಗುತ್ತಿಲ್ಲ. ನೀವು ಸಂತೋಷವಾಗಿದ್ದೀರಿ. ಆ ಸಂತೋಷ ನಾನು ನೋಟ್‌ಬುಕ್ಕಿನಲ್ಲಿ ಬರೆದ ಸುಳ್ಳಿನಿಂದ ಬಂದಿದ್ದು. ನಿಜ ಗೊತ್ತಿದ್ದೂ ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಬ್ಬಾ ಹಾಗೆ ಹೇಳಲಿಲ್ಲ ಸರ್. ಅವರು ಹೇಳಿದ್ದು ಇದು:

"ನನ್ನ ಬೈದಿದ್ದು ಬಿಡ್ರಿ ಮೇಷ್ಟ್ರೇ, ಡ್ರೈವರ್ ಆದವನಿಗೆ ದಿನಾ ಒಬ್ರಲ್ಲ ಒಬ್ರು ಬೈತಾರೆ. ಆ ಕಾಗದಾನ ನಾನು ದೇವರ ಕಾಗದ ಅಂತ ಇಟ್ಕಂಡಿದ್ದೆ. ಮಗಳ ಮದುವಿ ಮಾತಿಗೆ ಬಂದೋರಿಗೂ ತಗದು ತೋರ್ಸಿದೆ. ಓದಿದೋರು ಯಾರೂ ಬಾಯಿ ಬಿಡಲಿಲ್ಲ. ಎರಡು ಸಂಬಂಧ ತಪ್ಪಿಹೋದ್ವು, ಯಾಕೆ ಅಂತ ನನಗೆ ಇವತ್ತು ತಿಳೀತು. ಈ ಹುಡುಗಿ ಓದು ಒಲ್ಲೆ ಅಂದಾಗ ನಾನು ಒಂದೇ ಸಲ ಹೊಡೆದೆ, ಜೀವಮಾನದಾಗೆ ಒಂದೇ ಸಲ. ಅದು ನೀವು ಹೊಡ್ಸಿದ ಏಟು. ಈಗ ಬಂದು ತಪ್ಪಾಯ್ತು ಅಂತೀರಿ. ನಾನು ಯಾರ ತಾವ ಹೋಗಿ ತಪ್ಪಾಯ್ತು ಅನ್ಲಿ? ಚಾ ಕುಡೀರಿ, ಹೊರಡ್ರಿ."

ಇಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ನೀವು ನನ್ನ ಮುಖ ನೋಡುತ್ತಿದ್ದಿರಿ. ಪೆನ್ನು ನನ್ನ ಕೈಯಲ್ಲಿತ್ತು. ನನಗೆ ಬರೆಯಲು ಆಗಲಿಲ್ಲ.

ಬಸ್ ಹತ್ತಿಸಿದ್ದು ಮಾತ್ರ ನಿಜ. ನೀವು ಹೊರಟಾಗ ಅಬ್ಬಾ ಚಪ್ಪಲಿ ಹಾಕಿಕೊಂಡರು. ಯಾಕೆ ಅಂತ ಕೇಳಿದೆ. "ಆ ಮುದುಕನಿಗೆ ಹಿಂದೆ ಬರೋ ಲಾರಿ ಹಾರನ್ನೂ ಕೇಳ್ಸಲ್ಲ. ದಾವಣಗೆರೆ ಬಸ್ಸು ಅಂತ ಕೂಗಿದ್ರೆ ಗೊತ್ತಾಗಬೇಕಲ್ಲ" ಅಂದರು. ತೌಸಿಫ್ ಹೇಳಿದರು, ಅಬ್ಬಾ ಕಂಡಕ್ಟರ್ ಕೈ ಹಿಡಿದುಕೊಂಡು "ನಮ್ಮೋರು, ಕಿವಿ ಇಲ್ಲ, ದಾವಣಗೆರೆಯಾಗೆ ಹೊನ್ನಾಳಿ ಬಸ್ಸಿಗೆ ನೀನೇ ಹತ್ಸಬೇಕು" ಅಂತ ಮೂರು ಸಲ ಹೇಳಿದರಂತೆ. ಅದಾಗಿ ಮೂರನೆಯ ದಿನ ನನ್ನ ಮಿಶಿನ್ ಪಕ್ಕ ಬಂದು ಕೂತು, "ಏಟು ಭಾಳ ನೋವಾಗಿತ್ತಾ ಬೇಟಿ?" ಅಂತ ಕೇಳಿದರು. ನನಗೆ ಆ ಏಟು ನೆನಪೇ ಇಲ್ಲ ಅಂದೆ. ಅದು ನಿಜವೋ ಸುಳ್ಳೋ, ನನಗೇ ಗೊತ್ತಿಲ್ಲ.

ಇದನ್ನು ಓದಿ ನಿಮಗೆ ಮತ್ತೆ ಕಷ್ಟವಾಗುತ್ತದೆ. ಆದರೂ ಪಾಠ ನಿಲ್ಲಿಸಬೇಡಿ.

ಮಸರತ್


ಗೋವಿನಕೋವಿ
13 ಜನವರಿ 2025

ಚಿ. ಸೌ. ಮಸರತ್‌ಗೆ,

ಬರೆದದ್ದು ಒಳ್ಳೆಯದಾಯಿತು. ಅವರ ಮಾತು ನನಗೆ ಕೇಳಿಸಬೇಕಾಗಿತ್ತು. ಈಗ ಕೇಳಿಸಿತು.

ಅವರಿಗೆ ನನ್ನ ಪರವಾಗಿ ಏನನ್ನೂ ಹೇಳಬೇಡ. ಸಮಾಧಾನವನ್ನೂ ಮಾಡಬೇಡ. ಸಿಟ್ಟು ಅವರದು, ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೊಳ್ಳಲಿ.

ಆರನೆಯ ಪಾಠ ಇದರೊಂದಿಗಿದೆ. ಇದರಲ್ಲಿ ಕಾಲಗಳ ಬಗ್ಗೆ ಹೇಳಿದ್ದೇನೆ. ಸ್ವಲ್ಪ ಕಠಿಣ, ಎರಡು ಸಲ ಓದು.

ವಿರೂಪಾಕ್ಷಪ್ಪ


ಜಗಳೂರು
6 ಮೇ 2025

ಪೂಜ್ಯ ಸರ್ ಅವರಿಗೆ ಮಸರತ್ ಮಾಡುವ ನಮಸ್ಕಾರಗಳು.

ಪಾಸಾದೆ ಸರ್. ಇಂಗ್ಲಿಷಿನಲ್ಲಿ ಐವತ್ತೆಂಟು. ಗಣಿತದಲ್ಲಿ ಮೂವತ್ತೇಳು, ದಡ ಸೇರಿದ್ದು ಅಷ್ಟೇ. ತೌಸಿಫ್ ಟೈರ್ ಅಂಗಡಿಯಲ್ಲಿ ಇದ್ದಬದ್ದವರಿಗೆಲ್ಲ ಜಹಾಂಗೀರ್ ಹಂಚಿದರು. ನನ್ನ ಹುಡುಗಿಯರು ಮಿಶಿನ್‌ಗಳಿಗೆ ಹೂವು ಮುಡಿಸಿಬಿಟ್ಟಿದ್ದಾರೆ, ದಾರ ಪೋಣಿಸಲು ಜಾಗ ಇಲ್ಲ. ತರಬೇತಿ ಕೇಂದ್ರಕ್ಕೆ ಅರ್ಜಿ ಹಾಕಿದ್ದೇನೆ. ಸಿಗುತ್ತದೋ ಇಲ್ಲವೋ. ನನಗಿಂತ ಚಿಕ್ಕವರು, ಹೆಚ್ಚು ಓದಿದವರು ಬಹಳ ಜನ ಇದ್ದಾರೆ. ಮುಂದಿನ ವಾರ ಸಂದರ್ಶನ.

ಪರೀಕ್ಷೆಯ ದಿನ ನನ್ನ ಪಕ್ಕದಲ್ಲಿ ಬಂಗಾರಮ್ಮ ಅಂತ ನನಗಿಂತ ಹತ್ತು ವರ್ಷ ದೊಡ್ಡವರು ಕೂತಿದ್ದರು, ಅಂಗನವಾಡಿಯಲ್ಲಿ ಸಹಾಯಕಿಯಂತೆ. ಪ್ರಶ್ನೆಪತ್ರಿಕೆ ಕೊಟ್ಟಾಗ ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ನನ್ನದೂ ತಲೆಕೆಳಗಾಗಿಯೇ ಇತ್ತು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅವರೂ ಪಾಸಾಗಿದ್ದಾರೆ, ಫೋನ್ ಮಾಡಿದ್ದರು.

ಈ ಕಾಗದ ಬರೆಯಲು ಕೂತಾಗ ಅಬ್ಬಾ ಬಂದು ಎದುರಿಗೆ ಕೂತರು. ಯಾರಿಗೆ ಅಂದರು. ಮೇಷ್ಟ್ರಿಗೆ ಅಂದೆ. ಎದ್ದು ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ. ನನ್ನ ಹೆಸರಲ್ಲೂ ಎರಡು ಮಾತು ಬರಿ, ಹೇಳಿದ ಹಾಗೇ ಬರಿ, ನಿನ್ನ ಕಡೆಯಿಂದ ಸಕ್ಕರೆ ಸೇರಿಸಬೇಡ ಅಂದರು. ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಮೇಷ್ಟ್ರೇ, ಸಿಟ್ಟು ಇನ್ನೂ ಐತೆ. ಹೋಗ್ತೈತೆ ಅಂತ ನನಗೇನೂ ಕಾಣಂಗಿಲ್ಲ. ಹುಡುಗಿ ಪಾಸಾದ್ಲು, ಅದಕ್ಕೆ ನೀವು ಬರಬೇಕು. ಯಜಮಾನ್ತಿನೂ ಕರ್ಕಂಡ್ ಬರ್ರಿ, ಅವರು ಬರೆಯಾಕೆ ಬೇಕಾಗ್ತಾರೆ. ಈ ಸಲ ಚಾ ಅಲ್ಲ, ಊಟ ಮಾಡ್ಕಂಡೇ ಹೋಗಬೇಕು."

ಓದಿ ಹೇಳು ಅಂದರು. ಓದಿದೆ. "ಸರಿ ಐತೆ" ಅಂದರು.

ನಿಮ್ಮ,
ಮಸರತ್